ಆರ್‌ಎಕ್ಸ್ 135 ಡರ್ಟ್ ಬೈಕ್: ಪ್ಲಗ್ ಬಿಳಿ, ಹೊಗೆ ಕರಿ. ಯಾವ ಜೆಟ್ ಬದಲಿಸಲಿ?

ಧೂಳು_ಪುಣೆ (ಶನಿವಾರ ರಾತ್ರಿ 10:40)
ಎಲ್ಲರಿಗೂ ನಮಸ್ಕಾರ. ಊರು ಹುಬ್ಬಳ್ಳಿ, ಇರುವುದು ಪುಣೆಯ ಕೋಥ್ರೂಡ್‌ನಲ್ಲಿ. ಹೋದ ವರ್ಷ ಕೊಲ್ಹಾಪುರದಲ್ಲಿ ಒಂದು ಹಳೇ ಯಮಹಾ ಆರ್‌ಎಕ್ಸ್ 135 (ಟೂ ಸ್ಟ್ರೋಕ್) ತಗೊಂಡೆ. ಹೆಡ್‌ಲೈಟ್, ಇಂಡಿಕೇಟರ್ ಎಲ್ಲ ಬಿಚ್ಚಿಸಿ, ಹಲ್ಲು ಹಲ್ಲಿನ ಟಯರ್ ಹಾಕಿಸಿ ಡರ್ಟ್ ಬೈಕ್ ಮಾಡಿಸಿದ್ದೇನೆ. ಟೆಂಪೋದಲ್ಲಿ ಹಾಕಿಕೊಂಡು ಹೋಗಿ ಮುಳಶಿ ಕಡೆ ಗೆಳೆಯನ ಹೊಲದಲ್ಲಿ ಮಾತ್ರ ಓಡಿಸುತ್ತೇನೆ, ರಸ್ತೆ ಮೇಲೆ ಇಲ್ಲ. ಆಯಿಲ್ ಪಂಪ್ ತೆಗೆದು ಪೆಟ್ರೋಲ್‌ಗೇ ಆಯಿಲ್ ಬೆರೆಸುತ್ತೇನೆ.

ಎರಡು ತಿಂಗಳ ಹಿಂದೆ ಹಳೇ ಕಾರ್ಬುರೇಟರ್ ತೆಗೆಸಿ ಕೈಹಿನ್ ಕಂಪನಿಯ ಪಿಡಬ್ಲ್ಯೂಕೆ 28 ಕಾರ್ಬುರೇಟರ್‌ನ ನಕಲು ಹಾಕಿಸಿದೆ. ಸ್ಲೋ ಜೆಟ್ 45, ಮೇನ್ ಜೆಟ್ 118 (ಜೆಟ್ ಅಂದರೆ ಪೆಟ್ರೋಲ್ ಹಾಯುವ ತೂತಿನ ಪುಟ್ಟ ಹಿತ್ತಾಳೆ ತುಂಡು, ನಂಬರ್ ದೊಡ್ಡದಾದಷ್ಟೂ ತೂತು ದೊಡ್ಡದು). ಅವತ್ತಿನಿಂದ ಕಾಟ ಶುರು. ಫುಲ್ ಎಳೆದು ಕೈ ಬಿಟ್ಟರೆ ಇಂಜಿನ್ ಕೆಳಗೆ ಇಳಿಯುವುದೇ ಇಲ್ಲ, ಮೂರ್ನಾಲ್ಕು ಸೆಕೆಂಡ್ ಹಾಗೇ ಕಿರುಚುತ್ತದೆ. ಪ್ಲಗ್ ತೆಗೆದು ನೋಡಿದರೆ ಸುಣ್ಣ ಬಳಿದ ಹಾಗೆ ಬಿಳಿ. ಮೆಕ್ಯಾನಿಕ್ "ಪೆಟ್ರೋಲ್ ಕಮ್ಮಿ" ಅಂದು ಮೇನ್ 125 ಹಾಕಿದ, ನೀಡಲ್ (ಕಾರ್ಬುರೇಟರ್ ಒಳಗಿನ ಸೂಜಿ) ಕ್ಲಿಪ್ ಒಂದು ಕಚ್ಚು ಕೆಳಗಿಳಿಸಿದ. ಈಗ ನಡು ಥ್ರಾಟಲ್‌ನಲ್ಲಿ ಗೊರ ಗೊರ ಅಂತ ಕರಿ ಹೊಗೆ. ಆದರೆ ಪ್ಲಗ್ ಇನ್ನೂ ಬಿಳಿ! ಅವನೂ ತಲೆ ಕೆರೆದುಕೊಂಡ. ಬಿಳಿ ಅಂದರೆ ಪೆಟ್ರೋಲ್ ಕಮ್ಮಿ, ಕರಿ ಹೊಗೆ ಅಂದರೆ ಜಾಸ್ತಿ. ಎರಡೂ ಒಟ್ಟಿಗೆ ಹೇಗೆ?

ಎರಡ್ನೇ_ಗೇರ್ (10:46)
ಮೇನ್ 130 ಹಾಕಿ ಬ್ರೋ. ಕಥೆ ಮುಗೀತು.

ಡೊಂಬಿವಲಿ_ಮಾರಾಯ (10:51)
ಕರಿ ಹೊಗೆ ಬರುವ ಗಾಡಿಗೆ 130 ಹಾಕಿದರೆ ಕಥೆ ಅಲ್ಲ ಮಾರಾಯ್ರೇ, ಗಾಡಿಯೇ ಮುಗೀತದೆ.

ಹಳೇ_ಯೆಜ್ಡಿ (11:20)
ಧೂಳು ಅವರೇ, ದಯವಿಟ್ಟು ಜೆಟ್ ಮುಟ್ಟಬೇಡಿ. ಮೊದಲು ಪ್ಲಗ್ ವಿಷಯ. ನೀವು ಪ್ಲಗ್ ತೆಗೆದದ್ದು ಯಾವಾಗ? ಹೊಲದಿಂದ ನಿಧಾನ ಬಂದು, ಟೆಂಪೋ ಹತ್ತಿರ ಸ್ವಲ್ಪ ಹೊತ್ತು ಐಡಲ್‌ನಲ್ಲಿ ಬಿಟ್ಟು, ಆಮೇಲೆ ಅಲ್ವಾ? ಹಾಗಾದರೆ ಆ ಬಣ್ಣ ಐಡಲ್‌ನದು. ಫುಲ್ ಥ್ರಾಟಲ್‌ದಲ್ಲ. ಮೇನ್ ಜೆಟ್‌ನ ಲೆಕ್ಕವನ್ನು ಐಡಲ್ ಬಣ್ಣ ನೋಡಿ ಹಾಕಿದರೆ ಹೀಗೇ ಆಗುವುದು.

ಕಾರ್ಬುರೇಟರ್ ಒಂದೇ ಡಬ್ಬಿ ಆದರೂ ಒಳಗೆ ಕೆಲಸ ಹಂಚಿಕೆ ಇದೆ. ಆಕ್ಸಿಲರೇಟರ್ ಮುಚ್ಚಿದಾಗಿನಿಂದ ಕಾಲು ಭಾಗದವರೆಗೆ ಸ್ಲೋ ಜೆಟ್ ಮತ್ತು ಏರ್ ಸ್ಕ್ರೂ. ಎಂಟನೇ ಒಂದರಿಂದ ಕಾಲಿನ ತನಕ ಆಕ್ಸಿಲರೇಟರ್ ಎಳೆದಾಗ ಮೇಲೇಳುವ ಸ್ಲೈಡ್‌ನ ಕೆಳಗಿನ ಕೊರೆತವೂ ಕೈ ಹಾಕುತ್ತದೆ. ಕಾಲಿನಿಂದ ಮುಕ್ಕಾಲಿನವರೆಗೆ ನೀಡಲ್. ಮುಕ್ಕಾಲಿನ ಮೇಲೆ ಮಾತ್ರ ಮೇನ್ ಜೆಟ್ ದೊರೆ. ಒಂದರ ಗಡಿಯಲ್ಲಿ ಇನ್ನೊಂದು ಸ್ವಲ್ಪ ನುಗ್ಗುತ್ತದೆ, ಅಷ್ಟೇ. ಹ್ಯಾಂಡಲ್ ಗ್ರಿಪ್ ಪಕ್ಕ ಬಿಳಿ ಟೇಪ್ ಸುತ್ತಿ ಕಾಲು, ಅರ್ಧ, ಮುಕ್ಕಾಲು ಅಂತ ಪೆನ್ನಿನಲ್ಲಿ ಗೆರೆ ಹಾಕಿ. ಎಲ್ಲಿ ತೊಂದರೆ ಅಂತ ಕಿವಿಯಿಂದಲ್ಲ, ಗೆರೆಯಿಂದ ಹೇಳಿ.

ಇನ್ನು ಕೈ ಬಿಟ್ಟರೂ ಇಂಜಿನ್ ಇಳಿಯದ ವಿಷಯ. ಅದು ನೂರಕ್ಕೆ ತೊಂಬತ್ತು ಸಲ ಗಾಳಿ ಕಳ್ಳದಾರಿಯಲ್ಲಿ ಒಳಗೆ ಹೋಗುವ ಲಕ್ಷಣ. ಕಾರ್ಬುರೇಟರ್ ಮತ್ತು ಇಂಜಿನ್ ನಡುವಿನ ರಬ್ಬರ್, ರೀಡ್ ವಾಲ್ವ್ ಪ್ಯಾಕಿಂಗ್, ಇಲ್ಲವೇ ಮ್ಯಾಗ್ನೆಟೊ ಕಡೆ ಕ್ರ್ಯಾಂಕ್ ಸೀಲ್. ಸೋರುವ ಕೊಡಕ್ಕೆ ಎಷ್ಟು ನೀರು ಹೊಯ್ದರೆ ಏನು ಬಂತು?

ಧೂಳು_ಪುಣೆ (11:34)
ಸರ್, ಹೌದು, ಐಡಲ್‌ನಲ್ಲಿ ಬಿಟ್ಟೇ ಪ್ಲಗ್ ತೆಗೆದದ್ದು. ಇಷ್ಟು ದಿನ ಯಾರೂ ಹೇಳಿರಲಿಲ್ಲ. ಇನ್ನೊಂದು ಮಾತು. ಮೆಕ್ಯಾನಿಕ್ ಏರ್ ಸ್ಕ್ರೂ ಪೂರ್ತಿ ಟೈಟ್ ಮಾಡಿ ಬರೀ ಅರ್ಧ ಸುತ್ತು ಬಿಚ್ಚಿದ್ದಾನೆ. ನಾನು ಇನ್ನೊಂದೆರಡು ಸುತ್ತು ಹೊರಗೆ ತಿರುಗಿಸಿ ಪೆಟ್ರೋಲ್ ಜಾಸ್ತಿ ಮಾಡಲಾ?

ಸೇಂಗಾ_ಹಿಂಡಿ (11:41)
ಉಲ್ಟಾ. ಏರ್ ಸ್ಕ್ರೂ ಹೊರಗೆ ಬಂದಷ್ಟೂ ಗಾಳಿ ಜಾಸ್ತಿ, ಅಂದರೆ ಲೀನ್. ಒಳಗೆ ಹೋದಷ್ಟೂ ರಿಚ್, ಅಂದರೆ ಪೆಟ್ರೋಲ್ ಜಾಸ್ತಿ. ನಿಮ್ಮ ಮೆಕ್ಯಾನಿಕ್ ಅರ್ಧ ಸುತ್ತಿಗೆ ತಂದದ್ದೇ ಸಾಕ್ಷಿ, ಎಲ್ಲೋ ಗಾಳಿ ಬರುತ್ತಿದೆ, ಅವನು ಸ್ಕ್ರೂನಿಂದ ಅದನ್ನು ಮುಚ್ಚಲು ನೋಡಿದ್ದಾನೆ.

ಎರಡ್ನೇ_ಗೇರ್ (11:44)
ತಪ್ಪು. ನನ್ನ ಬೈಕ್‌ನಲ್ಲಿ ಹೊರಗೆ ತಿರುಗಿಸಿದರೆ ರಿಚ್ ಆಗುತ್ತದೆ. ನಾನೇ ಮಾಡಿ ನೋಡಿದ್ದೇನೆ.

ಸೇಂಗಾ_ಹಿಂಡಿ (11:47)
ನಿಮ್ಮದು ಯಾವ ಬೈಕ್?

ಎರಡ್ನೇ_ಗೇರ್ (11:48)
ಪಲ್ಸರ್.

ಸೇಂಗಾ_ಹಿಂಡಿ (11:55)
ಅದು ಫೋರ್ ಸ್ಟ್ರೋಕ್ ಸಾರ್. ಅದರಲ್ಲಿರುವುದು ಪೆಟ್ರೋಲ್ ಮಿಶ್ರಣದ ಸ್ಕ್ರೂ. ನೆನಪಿಡಲು ಸುಲಭ: ಸ್ಕ್ರೂ ಸ್ಲೈಡ್‌ಗಿಂತ ಹಿಂದೆ, ಏರ್ ಫಿಲ್ಟರ್ ಕಡೆ ಇದ್ದರೆ ಅದು ಗಾಳಿಯದು. ಇಂಜಿನ್ ಕಡೆ ಇದ್ದರೆ ಪೆಟ್ರೋಲ್‌ನದು. ಹೆಸರು ನೋಡಿ ತಿರುಗಿಸಬೇಡಿ, ಜಾಗ ನೋಡಿ ತಿರುಗಿಸಿ.

ನಾನಾಪೇಠ್_ಗಿರಾಕಿ (ಭಾನುವಾರ ಬೆಳಿಗ್ಗೆ 7:15)
ನಕಲಿ ಪಿಡಬ್ಲ್ಯೂಕೆ ಅಂದಿರಿ. ಅದರ ಜೊತೆ ಬರುವ ಜೆಟ್‌ನ ನಂಬರ್ ನಂಬಬೇಡಿ. ನನ್ನ ಹತ್ತಿರ 120 ಅಂತ ಒತ್ತಿರುವ ಎರಡು ಜೆಟ್ ಇವೆ. ಬೆಳಕಿಗೆ ಹಿಡಿದರೆ ಒಂದರ ತೂತು ಕಣ್ಣಿಗೇ ದೊಡ್ಡದು ಕಾಣುತ್ತದೆ. ಇನ್ನೊಂದು, ಮಿಕುನಿ ಕಂಪನಿಯ ಜೆಟ್ ನಂಬರ್ ಮತ್ತು ಕೈಹಿನ್ ಜೆಟ್ ನಂಬರ್ ಒಂದೇ ಅಳತೆ ಅಲ್ಲ. ಗೆಳೆಯನದು 120, ನನ್ನದೂ 120 ಅಂತ ಹೋಲಿಸಿ ಮೋಸ ಹೋಗಬೇಡಿ. ನಾನಾ ಪೇಠೆಯಲ್ಲಿ ಒರಿಜಿನಲ್ ಸಿಗುತ್ತದೆ, ಹುಡುಕಬೇಕು. ಜುನಾ ಬಜಾರ್‌ನಲ್ಲಿ ಬುಧವಾರ, ಭಾನುವಾರ ಹಳೇ ಕಾರ್ಬುರೇಟರ್‌ಗಳ ರಾಶಿಯೇ ಬೀಳುತ್ತದೆ. ಒಮ್ಮೆ ಒಂದು ಹಾಳು ಕಾರ್ಬುರೇಟರ್ ಒಳಗೆ ನನಗೆ ಬೇಕಿದ್ದ ಜೆಟ್ ಕೂತಿತ್ತು. ಡಬ್ಬಿ ಸಮೇತ ತಂದೆ, ಜೆಟ್ ಬಿಚ್ಚಿಕೊಂಡೆ. ಡಬ್ಬಿ ಈಗ ಪೇಪರ್ ವೇಟ್.

ಮತ್ತೆ, ಜೆಟ್ ಕಟ್ಟಿದರೆ ತಂತಿ ಚುಚ್ಚಬೇಡಿ. ಹಿತ್ತಾಳೆ ಮೆತ್ತಗೆ. ತೂತು ದೊಡ್ಡದಾಯಿತು ಅಂದರೆ ನಂಬರ್ ಹೋಯಿತು.

ಬೆಳಗಾವಿ_ಟು_ಮಡಗಾಂವ್ (9:02)
ಎಲ್ಲರೂ ಜೆಟ್ ಜೆಟ್ ಅನ್ನುತ್ತಿದ್ದೀರಿ. ಲೀನ್ ಓಡಿಸಿದರೆ ಏನಾಗುತ್ತದೆ ಅಂತ ನಾನು ಹೇಳುತ್ತೇನೆ, ಕೇಳ್ರಿ. ನಾನು ಬೆಳಗಾವಿಯವ, ಕೆಲಸ ಮಡಗಾಂವ್‌ನಲ್ಲಿ. ಆರೇಳು ವರ್ಷದ ಹಿಂದೆ ನನ್ನ ಆರ್‌ಎಕ್ಸ್ 100 ತಗೊಂಡು ಚೋರ್ಲಾ ಘಾಟ್ ಇಳಿಯುತ್ತಿದ್ದೆ. ಬೆಳಗಾವಿಯಲ್ಲಿ ಟ್ಯೂನ್ ಮಾಡಿಸಿದ್ದು, ಮೈಲೇಜ್ ಬರಲಿ ಅಂತ ಮೆಕ್ಯಾನಿಕ್ ಪೆಟ್ರೋಲ್ ಹಿಂಡಿ ಇಟ್ಟಿದ್ದ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಮುಚ್ಚಿ, ಗೇರ್‌ನಲ್ಲೇ ಇಂಜಿನ್ ಬ್ರೇಕ್ ಮೇಲೆ ಬಿಟ್ಟೆ. ಎರಡನೇ ತಿರುವಿನಲ್ಲಿ "ಕೀಂ" ಅಂದು ಹಿಂದಿನ ಚಕ್ರ ಲಾಕ್. ಕ್ಲಚ್ ಹಿಡಿದದ್ದಕ್ಕೆ ಬದುಕಿದೆ. ಪಿಸ್ಟನ್ ಬಿಚ್ಚಿ ನೋಡಿದರೆ ಮೈ ತುಂಬ ಗೀರು.

ಆಮೇಲೆ ಹಿರಿಯರೊಬ್ಬರು ಹೇಳಿದರು: ಪೆಟ್ರೋಲ್‌ಗೇ ಆಯಿಲ್ ಬೆರೆಸುವ ಟೂ ಸ್ಟ್ರೋಕ್‌ನಲ್ಲಿ ಒಳಗಿನ ಆಯಿಲ್ ಪೆಟ್ರೋಲ್ ಜೊತೆಯೇ ಬರುವುದು. ನೀನು ಆಕ್ಸಿಲರೇಟರ್ ಮುಚ್ಚಿದೆ, ಪೆಟ್ರೋಲ್ ನಿಂತಿತು, ಆಯಿಲೂ ನಿಂತಿತು, ಆದರೆ ಇಂಜಿನ್ ಜೋರಾಗಿ ತಿರುಗುತ್ತಲೇ ಇತ್ತು. ಅದಕ್ಕೇ ಇಳಿಜಾರಿನಲ್ಲಿ ನಡುನಡುವೆ ಕ್ಲಚ್ ಹಿಡಿದು ಒಂದೊಂದು ಸಲ ರೇಸ್ ಕೊಡಬೇಕು. ಇವತ್ತಿಗೂ ಕ್ಲಚ್ ಮೇಲೆ ಎರಡು ಬೆರಳು ಇಟ್ಟೇ ಓಡಿಸುವುದು.

ಡೊಂಬಿವಲಿ_ಮಾರಾಯ (9:20)
ಓದಿ ಮೈ ಝುಂ ಅಂತು ಮಾರಾಯ್ರೇ. ಧೂಳು ಅವರೇ, ನೀವು ಆಯಿಲ್ ಎಷ್ಟು ಹಾಕುತ್ತೀರಿ? ಬಿಳಿ ಪ್ಲಗ್ ಇದ್ದರೆ ಆಯಿಲ್ ಜಾಸ್ತಿ ಮಾಡಿ, ಮಿಶ್ರಣ ರಿಚ್ ಆಗುತ್ತದೆ.

ಧೂಳು_ಪುಣೆ (9:31)
ಒಂದು ಲೀಟರ್‌ಗೆ 30 ಎಂಎಲ್ ಹತ್ತಿರ. ಔಷಧಿ ಕುಡಿಯುವ ಅಳತೆ ಮುಚ್ಚಳದಲ್ಲಿ ಹಾಕುತ್ತೇನೆ.

ಸೇಂಗಾ_ಹಿಂಡಿ (9:50)
30 ಎಂಎಲ್ ಅಂದರೆ ಸುಮಾರು 33ಕ್ಕೆ 1. ಸರಿಯಾಗಿದೆ, ಬಿಡಿ. ಡೊಂಬಿವಲಿಯವರೇ, ನಿಮ್ಮ ಮಾತು ತುಂಬಾ ಜನ ಹೇಳುವ ಮಾತು, ಆದರೆ ತಪ್ಪು. ಆಯಿಲ್ ಜಾಸ್ತಿ ಮಾಡಿದರೆ ಪೆಟ್ರೋಲ್ ಮಟ್ಟಿಗೆ ಮಿಶ್ರಣ *ಲೀನ್* ಆಗುತ್ತದೆ. ಜೆಟ್‌ನ ತೂತಿನಲ್ಲಿ ಹಾಯುವ ದ್ರವ ಅಷ್ಟೇ. ಅದರಲ್ಲಿ ಆಯಿಲ್ ಜಾಗ ಹಿಡಿದರೆ ಪೆಟ್ರೋಲ್‌ಗೆ ಜಾಗ ಕಮ್ಮಿ. 40ಕ್ಕೆ 1 ಇದ್ದರೆ ನೂರರಲ್ಲಿ ಪೆಟ್ರೋಲ್ 97.6. 20ಕ್ಕೆ 1 ಮಾಡಿದರೆ 95.2. ಮೇಲಿಂದ ದ್ರವ ದಪ್ಪ ಆದ್ದರಿಂದ ಹರಿಯುವುದೂ ನಿಧಾನ. ಹೊಗೆ ಜಾಸ್ತಿ ಬರುತ್ತದೆ ನೋಡಿ, ಅದಕ್ಕೇ ಎಲ್ಲರಿಗೂ ರಿಚ್ ಅನ್ನಿಸುವುದು.

ಡೊಂಬಿವಲಿ_ಮಾರಾಯ (9:58)
ಇಪ್ಪತ್ತು ವರ್ಷ ಉಲ್ಟಾ ತಿಳಿದುಕೊಂಡು ಬದುಕಿದೆನಾ ನಾನು?

ಬೆಳಗಾವಿ_ಟು_ಮಡಗಾಂವ್ (10:03)
ಬದುಕಿದಿರಲ್ಲ, ಅದು ಮುಖ್ಯ.

ನಾನಾಪೇಠ್_ಗಿರಾಕಿ (10:30)
ಈಗಿನ ಪೆಟ್ರೋಲ್ ಬಗ್ಗೆ ಯಾರೂ ಮಾತಾಡುತ್ತಿಲ್ಲ. ಪಂಪ್‌ನಲ್ಲಿ ಬರುತ್ತಿರುವುದು ಇ20, ನೂರರಲ್ಲಿ 20 ಎಥನಾಲ್. ಒಂದು ಕೆಜಿ ಪೆಟ್ರೋಲ್ ಸರಿಯಾಗಿ ಉರಿಯಲು 14.7 ಕೆಜಿ ಗಾಳಿ ಬೇಕು, ಎಥನಾಲ್‌ಗೆ 9 ಕೆಜಿ ಸಾಕು. ಅಂದರೆ ಹಳೇ ಜೆಟ್ ಹಾಗೇ ಇಟ್ಟರೆ ಗಾಡಿ ತಾನಾಗೇ ಆರೇಳು ಶೇಕಡಾ ಲೀನ್. ಇಂಜೆಕ್ಷನ್ ಗಾಡಿಯ ಕಂಪ್ಯೂಟರ್ ಅದನ್ನು ಸರಿ ಮಾಡಿಕೊಳ್ಳುತ್ತದೆ. ನಮ್ಮ ಕಾರ್ಬುರೇಟರ್‌ಗೆ ಕಂಪ್ಯೂಟರ್ ನಾವೇ. ಹಳೇ ಆರ್‌ಎಕ್ಸ್‌ಗೆ ಒಂದೆರಡು ನಂಬರ್ ದೊಡ್ಡ ಮೇನ್ ಬೇಕಾಗುವುದು ಸಹಜ.

ಮತ್ತೆ ಎಥನಾಲ್ ನೀರು ಎಳೆಯುತ್ತದೆ. ಮಳೆಗಾಲ ಪೂರ್ತಿ ಗಾಡಿ ನಿಲ್ಲಿಸುವುದಾದರೆ ಫ್ಲೋಟ್ ಬೌಲ್ (ಕಾರ್ಬುರೇಟರ್ ಕೆಳಗಿನ ಪೆಟ್ರೋಲ್ ಬಟ್ಟಲು) ಖಾಲಿ ಮಾಡಿ ಇಡಿ. ಇಲ್ಲದಿದ್ದರೆ ದಸರೆಗೆ ಬಿಚ್ಚಿದಾಗ ಹಸಿರು ಪಾಚಿ ಕಟ್ಟಿದ ಹಾಗೆ ಇರುತ್ತದೆ.

ಎರಡ್ನೇ_ಗೇರ್ (10:36)
ಇಷ್ಟೆಲ್ಲ ಯಾಕೆ, ಕೆಟಿಎಂ ತಗೊಳ್ಳಿ. 2018ರ ಮಾಡೆಲ್‌ನಿಂದ ಟೂ ಸ್ಟ್ರೋಕ್‌ಗೇ ಇಂಜೆಕ್ಷನ್ ಕೊಟ್ಟಿದ್ದಾರೆ. ಜೆಟ್ ಇಲ್ಲ, ಸ್ಕ್ರೂ ಇಲ್ಲ.

ಧೂಳು_ಪುಣೆ (10:38)
ನೀವು ಕೊಡಿಸಿದರೆ ಖಂಡಿತ.

ಹಳೇ_ಯೆಜ್ಡಿ (11:15)
ಇಂಜೆಕ್ಷನ್ ಒಳ್ಳೆಯದೇ. ಆದರೆ ಕಾರ್ಬುರೇಟರ್ ಕಲಿಸುವ ಪಾಠ ಅದು ಕಲಿಸುವುದಿಲ್ಲ. ನಾನು ಮೈಸೂರಿನವನು, ಯೆಜ್ಡಿ ಬೈಕ್ ಮಾಡುತ್ತಿದ್ದ ಐಡಿಯಲ್ ಜಾವಾ ಫ್ಯಾಕ್ಟರಿ ಬೀದಿಯಲ್ಲೇ ಬೆಳೆದದ್ದು. 1996ರಲ್ಲಿ ಅದು ಮುಚ್ಚುವ ತನಕ ಸಂಜೆ ಪಾಳಿ ಬಿಟ್ಟಾಗ ಬೀದಿ ತುಂಬ ಆಯಿಲ್ ವಾಸನೆ. ಯೆಜ್ಡಿಯಲ್ಲಿ ಕಿಕ್ಕರೂ ಅದೇ, ಗೇರ್ ಲಿವರೂ ಅದೇ. ಹೊಸಬರು ಕಿಕ್ ಹೊಡೆದು ಲಿವರ್ ಮುಂದೆ ತಿರುಗಿಸುವುದು ಮರೆತು ಗೇರ್ ಹುಡುಕುತ್ತಾ ನಿಲ್ಲುತ್ತಿದ್ದರು. ನಾವು ಹುಡುಗರು ಕಟ್ಟೆ ಮೇಲೆ ಕೂತು ನಗುವುದು.

ಡೊಂಬಿವಲಿ_ಮಾರಾಯ (11:19)
ನಮ್ಮ ಮಾವನ ಯೆಜ್ಡಿ ಉಡುಪಿಯಿಂದ ಆಗುಂಬೆ ಹತ್ತುವಾಗ ಎರಡು ಸೈಲೆನ್ಸರ್‌ನಿಂದಲೂ ಹೊಗೆ, ಹಿಂದೆ ಕೂತ ಅತ್ತೆ ಸೀರೆಗೆ ಸೆಂಟ್ ಬೇಕಿರಲಿಲ್ಲ.

ಸೇಂಗಾ_ಹಿಂಡಿ (11:22)
ಯೆಜ್ಡಿ ಪುರಾಣಕ್ಕೆ ಬೇರೆ ಚರ್ಚೆ ತೆರೆಯಿರಿ ಪ್ಲೀಸ್. ಇವರ ಗಾಡಿ ಇನ್ನೂ ಹೊಗೆ ಬಿಡುತ್ತಿದೆ.

ಧೂಳು_ಪುಣೆ (ಭಾನುವಾರ ಸಂಜೆ 6:48)
ಸಿಕ್ಕಿತು! ಗಾಡಿ ಐಡಲ್‌ನಲ್ಲಿ ಇಟ್ಟು, ಗಿಡಕ್ಕೆ ನೀರು ಸಿಂಪಡಿಸುವ ಬಾಟಲಿಯಿಂದ ಕಾರ್ಬುರೇಟರ್ ಮುಂದಿನ ರಬ್ಬರ್ ಸುತ್ತ ನೀರು ಹೊಡೆದೆ. ಮೇಲೆ ಹೊಡೆದಾಗ ಏನೂ ಇಲ್ಲ. ಕೆಳಗಡೆ ಹೊಡೆದ ಕೂಡಲೇ ಇಂಜಿನ್ ಸದ್ದು ಮುಗ್ಗರಿಸಿತು. ಬಿಚ್ಚಿದರೆ ರಬ್ಬರ್ ಹೊಟ್ಟೆ ಕೆಳಗೆ ಉಗುರಿನುದ್ದ ಸೀಳು. ಹೊಸ ಕಾರ್ಬುರೇಟರ್‌ನ ಬಾಯಿ ಹಳೇದಕ್ಕಿಂತ ದಪ್ಪ, ಆ ಮೆಕ್ಯಾನಿಕ್ ಹಳೇ ರಬ್ಬರನ್ನೇ ಎಳೆದು ಕೂರಿಸಿ ಕ್ಲಿಪ್ ಬಿಗಿದಿದ್ದಾನೆ. ಮೇಲಿಂದ ನೋಡಿದರೆ ಹೊಸದರ ಹಾಗೇ ಕಾಣುತ್ತದೆ. ಎರಡು ತಿಂಗಳು ನಾನು ಸುಮ್ನೆ ಜೆಟ್‌ಗೆ ದುಡ್ಡು ಸುರಿದೆ.

ಹಳೇ_ಯೆಜ್ಡಿ (7:05)
ಭೇಷ್. ಬಿಸಿ ಇಂಜಿನ್ ಮೇಲೆ ಕೆಲವರು ಕಾರ್ಬುರೇಟರ್ ಕ್ಲೀನರ್ ಸ್ಪ್ರೇ ಹೊಡೆಯುತ್ತಾರೆ, ಬೆಂಕಿಗೆ ಆಹ್ವಾನ. ನೀರು ಒಳ್ಳೆಯದು. ಹೊಸ ರಬ್ಬರ್ ಸರಿಯಾದ ಅಳತೆಯದು ಹಾಕಿ.

ಅಲ್ಲಿಗೇ ನಿಲ್ಲಿಸಬೇಡಿ. ಸೀಲ್ ಕೂಡ ನೋಡಿಬಿಡಿ. ಕಾರ್ಬುರೇಟರ್ ಬಾಯಿ, ಸೈಲೆನ್ಸರ್ ಬಾಯಿ ಎರಡೂ ರಬ್ಬರ್ ಬುಚ್ಚಿನಿಂದ ಮುಚ್ಚಿ, ಸೈಕಲ್ ಪಂಪ್‌ನಲ್ಲಿ ಮೆಲ್ಲಗೆ ಗಾಳಿ ತುಂಬಿ. 6 ಪಿಎಸ್‌ಐ ಸಾಕು, ಜಾಸ್ತಿ ಒತ್ತಿದರೆ ಸೀಲ್ ಕಿತ್ತು ಬರುತ್ತದೆ. ಕೆಲವು ನಿಮಿಷ ಗೇಜ್ ಮುಳ್ಳು ಇಳಿಯದೆ ನಿಂತರೆ ಇಂಜಿನ್ ಗಟ್ಟಿ. ಇಳಿದರೆ ಸೋಪಿನ ನೊರೆ ಹಚ್ಚಿ ಗುಳ್ಳೆ ಹುಡುಕಿ. ಕ್ಲಚ್ ಕಡೆ ಸೀಲ್ ಹೋದರೆ ಬೇರೆ ಲಕ್ಷಣ: ಗೇರ್ ಆಯಿಲ್ ಒಳಗೆ ಎಳೆದು ಬಿಳಿ ಹೊಗೆ, ಗೇರ್ ಆಯಿಲ್ ಮಟ್ಟ ದಿನೇ ದಿನೇ ಕಮ್ಮಿ.

ಧೂಳು_ಪುಣೆ (7:12)
ರಬ್ಬರ್ ಹಾಕಿದ ಮೇಲೆ ಜೆಟ್ ಎಲ್ಲಿಂದ ಶುರು ಮಾಡಲಿ? ಎಲ್ಲ ಕಲಸುಮೇಲೋಗರ ಆಗಿದೆ.

ಸೇಂಗಾ_ಹಿಂಡಿ (8:30)
ಮೆಕ್ಯಾನಿಕ್ ಮಾಡಿದ್ದೆಲ್ಲ ಹಿಂದಕ್ಕೆ ತನ್ನಿ. ಕ್ಲಿಪ್ ಮೊದಲಿದ್ದ ಕಚ್ಚಿಗೆ. ಕ್ಲಿಪ್ ಕೆಳಗಿಳಿಸಿದರೆ ನೀಡಲ್ ಮೇಲೇಳುತ್ತದೆ, ಪೆಟ್ರೋಲ್ ಜಾಸ್ತಿ. ನಿಮ್ಮ ನಡು ಥ್ರಾಟಲ್ ಹೊಗೆ ಅಲ್ಲಿಂದಲೇ.

ಆಮೇಲೆ ಕೆಳಗಿನಿಂದ ಶುರು. ಇಂಜಿನ್ ಚೆನ್ನಾಗಿ ಬಿಸಿ ಮಾಡಿ. ಐಡಲ್ ಸ್ಕ್ರೂ ಸ್ವಲ್ಪ ಏರಿಸಿ. ಏರ್ ಸ್ಕ್ರೂ ಮೆಲ್ಲಗೆ ಒಳಗೆ ಹೊರಗೆ ಕಾಲು ಕಾಲು ಸುತ್ತು ತಿರುಗಿಸುತ್ತಾ ಹೋಗಿ. ಒಂದು ಜಾಗದಲ್ಲಿ ಸದ್ದು ಅತಿ ಜೋರಾಗಿ, ನಯವಾಗಿ ಬರುತ್ತದೆ. ಅದೇ ಜಾಗ. ಅದು ಒಂದು ಸುತ್ತಿಗಿಂತ ಕಮ್ಮಿಯಲ್ಲಿ ಬಂದರೆ ಸ್ಲೋ ಜೆಟ್ ಚಿಕ್ಕದು, ದೊಡ್ಡದು ಹಾಕಿ. ಎರಡೂವರೆ ಸುತ್ತು ದಾಟಿದರೆ ಸ್ಲೋ ಜೆಟ್ ದೊಡ್ಡದು. ಮೇನ್ ಕೊನೆಗೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಪುಸ್ತಕದಲ್ಲಿ ಬರೆದಿಡಿ.

ನಾನಾಪೇಠ್_ಗಿರಾಕಿ (8:52)
ಮೇನ್ ಪರೀಕ್ಷೆಗೆ ಹೊಸ ಪ್ಲಗ್ ಹಾಕಿ. ಉದ್ದ ನೇರ ದಾರಿಯಲ್ಲಿ ಫುಲ್ ಥ್ರಾಟಲ್ ಎಳೆದು, ಎಳೆದ ಸ್ಥಿತಿಯಲ್ಲೇ ಕ್ಲಚ್ ಹಿಡಿದು ಕಿಲ್ ಸ್ವಿಚ್ ಒತ್ತಿ. ಉರುಳಿಕೊಂಡು ನಿಲ್ಲಿ, ಐಡಲ್ ಆಗಲು ಬಿಡಬೇಡಿ. ಬಿಚ್ಚಿ, ಬಿಳಿ ಪಿಂಗಾಣಿಯ ಬುಡದಲ್ಲಿ ಉಂಗುರ ನೋಡಿ. ತುದಿಯ ಬಣ್ಣ ಅಲ್ಲ. ಫಿಲ್ಟರ್ ಕಾಫಿ ಬಣ್ಣ ಇದ್ದರೆ ಬಿಡಿ. ಕರಿ ಇದ್ದರೆ ಜೆಟ್ ಇಳಿಸಿ, ಏನೂ ಇಲ್ಲ ಅಂದರೆ ಏರಿಸಿ.

ಡೊಂಬಿವಲಿ_ಮಾರಾಯ (9:01)
ಪುಣೆ ಎತ್ತರದಲ್ಲಿದೆ, ಅಲ್ಲಿ ಜೆಟ್ ಚಿಕ್ಕದೇ ಇರಬೇಕು. ನಮ್ಮ ಮುಂಬೈ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಈ ಸಲ ಸರಿ ಹೇಳಿದೆನಾ?

ಸೇಂಗಾ_ಹಿಂಡಿ (9:15)
ಸರಿ, ಆದರೆ ಪೂರ್ತಿ ಅಲ್ಲ. ಪುಣೆ ಸುಮಾರು 560 ಮೀಟರ್. ಸಮುದ್ರ ಮಟ್ಟಕ್ಕಿಂತ ಗಾಳಿ ಐದು ಶೇಕಡಾದಷ್ಟು ತೆಳು. ಆದರೆ ಚಳಿ ಲೆಕ್ಕ ಹಾಕಿ. ಪುಣೆಯಲ್ಲೇ ಡಿಸೆಂಬರ್ ಬೆಳಗಿನ 10 ಡಿಗ್ರಿಗೂ ಮಧ್ಯಾಹ್ನದ 30 ಡಿಗ್ರಿಗೂ ಗಾಳಿಯ ದಟ್ಟಣೆಯಲ್ಲಿ ಏಳು ಶೇಕಡಾ ವ್ಯತ್ಯಾಸ. ಘಾಟ್ ಹತ್ತಿದ್ದಕ್ಕಿಂತ ಬೆಳಗಿನ ಚಳಿಯೇ ದೊಡ್ಡದು! ಬಿಸಿಲಲ್ಲಿ ಟ್ಯೂನ್ ಮಾಡಿ ಮರುದಿನ ಬೆಳಗಿನ ಜಾವ ಹೋದರೆ ಗಾಡಿ ಲೀನ್. ಸಾಕಷ್ಟು ಪಿಸ್ಟನ್ ಸೀಜ್ ಆಗುವುದು ಆ ಹೊತ್ತಿನಲ್ಲೇ.

ಎರಡ್ನೇ_ಗೇರ್ (9:18)
2024ರ ಜನವರಿಯಲ್ಲಿ ಬಾಲೇವಾಡಿಯಲ್ಲಿ ಸೂಪರ್‌ಕ್ರಾಸ್ ಲೀಗ್ ನೋಡಲು ಹೋಗಿದ್ದೆ. ಒಬ್ಬರೂ ಸ್ಕ್ರೂಡ್ರೈವರ್ ಹಿಡಿದು ಗಾಳಿ ಮೂಸುತ್ತಿರಲಿಲ್ಲ.

ಬೆಳಗಾವಿ_ಟು_ಮಡಗಾಂವ್ (9:24)
ಅಲ್ಲಿ ನೀವು ನೋಡಿದ್ದು ಹೆಚ್ಚಾಗಿ ಇಂಜೆಕ್ಷನ್ ಫೋರ್ ಸ್ಟ್ರೋಕ್ ತಮ್ಮಾ. ಮೂಸುವ ಕೆಲಸ ಲ್ಯಾಪ್‌ಟಾಪ್ ಮಾಡುತ್ತದೆ.

ಧೂಳು_ಪುಣೆ (ಮುಂದಿನ ಭಾನುವಾರ ಮಧ್ಯಾಹ್ನ 1:10)
ವರದಿ. ಹೊಸ ರಬ್ಬರ್ ಹಾಕಿದೆ. ಪಂಪ್ ಪರೀಕ್ಷೆಯಲ್ಲಿ 6 ಪಿಎಸ್‌ಐ ಐದು ನಿಮಿಷ ಅಲ್ಲಾಡದೆ ನಿಂತಿತು, ಸೀಲ್ ಬಚಾವ್. ಏರ್ ಸ್ಕ್ರೂ ಒಂದೂಮುಕ್ಕಾಲು ಸುತ್ತಿಗೆ ಬಂತು, ಅಂದರೆ 45 ಸ್ಲೋ ಜೆಟ್ ಸರಿಯಾಗೇ ಇತ್ತು! ಕ್ಲಿಪ್ ವಾಪಸ್ ಮೂರನೇ ಕಚ್ಚಿಗೆ. ನಡು ಹೊಗೆ ಹೋಯಿತು. ಮೇನ್ 118ರಲ್ಲಿ ಫುಲ್ ಎಳೆದಾಗ ಲೀನ್ ಆಗಿ ಟಿಣ್ ಟಿಣ್ ಅಂತಿತ್ತು, ಕೂಡಲೇ ನಿಲ್ಲಿಸಿದೆ. 122 ಹಾಕಿದೆ. ಪ್ಲಗ್ ಬುಡದಲ್ಲಿ ಕಾಫಿ ಉಂಗುರ. ಕೈ ಬಿಟ್ಟರೆ ಇಂಜಿನ್ ಕಲ್ಲು ಬಾವಿಗೆ ಬಿದ್ದ ಹಾಗೆ ಇಳಿಯುತ್ತದೆ.

ಒಂದೇ ಉಳಿದಿದೆ. ಉಬ್ಬಿನ ಮೇಲಿಂದ ಹಾರಿ ನೆಲಕ್ಕೆ ಬಿದ್ದಾಗ ಅರೆಕ್ಷಣ ಉಸಿರು ಕಟ್ಟುತ್ತದೆ.

ನಾನಾಪೇಠ್_ಗಿರಾಕಿ (1:25)
ಫ್ಲೋಟ್ ಮಟ್ಟ ಅಳೆಯಿರಿ. ಮೇಲೆ ಇದ್ದರೆ ಹಾರಿದಾಗ ಪೆಟ್ರೋಲ್ ಉಕ್ಕಿ ಮೇಲೆ ಬರುತ್ತದೆ. ನಕಲಿ ಕಾರ್ಬುರೇಟರ್‌ನಲ್ಲಿ ಫ್ಲೋಟ್ ಮಟ್ಟ ಹಿಡಿಯುವ ಪುಟ್ಟ ತಗಡಿನ ನಾಲಿಗೆ ಎಲ್ಲಿ ಬೇಕಾದರೂ ಬಗ್ಗಿರುತ್ತದೆ.

ಹಳೇ_ಯೆಜ್ಡಿ (1:40)
ಬೌಲ್‌ನ ಗಾಳಿ ಪೈಪ್‌ಗಳೂ ಮಡಚಿಕೊಂಡಿಲ್ಲವಾ ನೋಡಿ. ಅಲ್ಲೇ ಸಿಗಬಹುದು.

ಬೆಳಗಾವಿ_ಟು_ಮಡಗಾಂವ್ (1:52)
ಆ 125 ಜೆಟ್ ಬಿಸಾಡಬೇಡ್ರಿ. ಡಿಸೆಂಬರ್‌ನಲ್ಲಿ ಗಾಡಿ ಗೋವಾಕ್ಕೆ ತರುವುದಾದರೆ ಬೇಕಾಗುತ್ತದೆ. ಇಲ್ಲಿ ಸಮುದ್ರ ಮಟ್ಟ, ಗಾಳಿ ದಪ್ಪ. 122ರಲ್ಲೇ ಬಂದರೆ ಮತ್ತೆ ಟಿಣ್ ಟಿಣ್. ಬಂದ ಕೂಡಲೇ 125 ಹಾಕಿ, ಪ್ಲಗ್ ನೋಡಿ, ಜಾಸ್ತಿ ಆದರೆ ಇಳಿಸೋಣ. ಸ್ಪ್ಯಾನರ್ ನನ್ನ ಹತ್ತಿರ ಇದೆ.

ಡೊಂಬಿವಲಿ_ಮಾರಾಯ (1:58)
ನಾನೂ ಬರುತ್ತೇನೆ. ಆಯಿಲ್ ಅಳತೆ ನಾನು ಮಾತ್ರ ಮಾಡುವುದಿಲ್ಲ.

ಧೂಳು_ಪುಣೆ (2:04)
ಫ್ಲೋಟ್ ಈಗ ಬಿಚ್ಚುತ್ತಿದ್ದೇನೆ. ಅಮ್ಮ ಊಟಕ್ಕೆ ಕರೆಯುತ್ತಿದ್ದಾಳೆ, ಕೈ ತುಂಬ ಪೆಟ್ರೋಲ್ ವಾಸನೆ. ಸಂಜೆ ಬರೆಯುತ್ತೇನೆ.